ಬೂದಿ ಬಟ್ಟಲಿನ ಮುಂದೆ

ನಮ್ಮ ಮನೆಯಲ್ಲಿ ಮೀಸೆ ಮೂಡುವ ವಯಸ್ಸಿಗೆ ಬಂದ ಗಂಡಸಿಗೆ ಕೂರುವ ಜಾಗ ಒಂದೇ, ಮಗ್ಗದ ಕುಣಿ. ಮೊಳಕಾಲ್ಮೂರಿನ ನಮ್ಮ ಕೇರಿಯಲ್ಲಿ ಎಲ್ಲರ ಮನೆಯಲ್ಲೂ ಹಾಗೇ. ನಡುಮನೆಯ ನೆಲದಲ್ಲಿ ಅಗೆದ ಕುಣಿ, ಅದರೊಳಗೆ ಕಾಲಿಳಿಬಿಟ್ಟು ಅಂಚಿನ ಮೇಲೆ ಕೂತ ಅಪ್ಪ, ಅಪ್ಪನ ಎದುರಿಗೆ ಬಿಗಿದು ಕಟ್ಟಿದ ರೇಷ್ಮೆ. ಬೆಳಗಿನಿಂದ ದೀಪ ಹಚ್ಚುವವರೆಗೆ ಲಾಳಿ ಅತ್ತಿಂದಿತ್ತ ಓಡುವ ಸದ್ದು. ಬಂದವರೆಲ್ಲ ಆ ಸದ್ದನ್ನು ಸಂಗೀತ ಎಂದು ಹೊಗಳಿ ಹೋಗುತ್ತಿದ್ದರು. ದಿನವಿಡೀ ಅದರ ಪಕ್ಕದಲ್ಲೇ ಬದುಕಬೇಕಾದವನನ್ನು ಯಾರೂ ಕೇಳಲಿಲ್ಲ. ನನಗಂತೂ ಈ ಲೋಕದಲ್ಲಿ ಆ ಕುಣಿಯ ಮೇಲೆ ಬಂದಷ್ಟು ಸಿಟ್ಟು ಬೇರೆ ಯಾವುದರ ಮೇಲೂ ಬಂದಿಲ್ಲ.

ಸೋಮಾರಿಯಾಗಿದ್ದೆ ಎಂದುಕೊಳ್ಳಬೇಡಿ. ನಾನೇ ಬಹಳ ವರ್ಷ ಹಾಗೆ ಅಂದುಕೊಂಡು ಮೋಸ ಹೋದೆ.

ನನ್ನ ಮನಸ್ಸು ನೆಟ್ಟಿದ್ದ ಕೆಲಸ ಬೇರೆ. ಒಂದು ಹಾಸು, ಎಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಎಳೆಗಳು, ನೇಯ್ದು ಮುಗಿಯುತ್ತಾ ಬಂದಾಗ ಕೊನೆಯ ತುಂಡನ್ನು ಮಗ್ಗದಲ್ಲೇ ಉಳಿಸುತ್ತೇವೆ. ಹೊಸ ಹಾಸನ್ನು ತಂದು ಅದರ ಒಂದೊಂದು ಎಳೆಯನ್ನೂ ಹಳೆಯದರ ಒಂದೊಂದು ಎಳೆಗೆ ಸೇರಿಸಬೇಕು. ಗಂಟು ಹಾಕುವಂತಿಲ್ಲ, ಎಳೆಗಳು ಹಾಯುವ ಬಾಚಣಿಗೆಯಂಥ ಹಣಿಗೆಯ ಸಂದಿಯಲ್ಲಿ ಗಂಟು ತೂರುವುದಿಲ್ಲ. ಸೋಸಿದ ಬೂದಿಯನ್ನು ಬೆರಳಿಗೆ ಹಚ್ಚಿಕೊಂಡು ಎರಡು ತುದಿಗಳನ್ನು ಜೋಡಿಸಿ ಒಮ್ಮೆ ಹೊಸೆದು, ಮಡಚಿ ಇನ್ನೊಮ್ಮೆ ಹೊಸೆದರೆ ಎರಡೆಳೆ ಒಂದೆಳೆಯಾಗುತ್ತದೆ. ಇದಕ್ಕೆ ಕೆಚ್ಚುವುದು ಎನ್ನುತ್ತೇವೆ. ಒಂದು ಸೀರೆಯ ಅಗಲಕ್ಕೆ ಇಂಥವು ಸಾವಿರಾರು. ಇದು ಹೆಂಗಸರ ಕೆಲಸ. ಬೆರಳು ಸಣ್ಣದಾಗಿರುವವರೆಗೆ ಮಕ್ಕಳೂ ಮಾಡುತ್ತಾರೆ.

ಕೆಚ್ಚಿದ ಜಾಗ ಹಣಿಗೆಯನ್ನು ದಾಟಿ ಈಚೆ ಬಂದ ಮೇಲೆಯೇ ಸೀರೆ ಶುರುವಾಗುವುದು. ಹೊಸೆದ ಆ ಗೇಣುದ್ದ ಭಾಗ ಸೀರೆಗೆ ಸೇರುವುದಿಲ್ಲ, ಕೊನೆಗೆ ಕತ್ತರಿಸಿ ಬಿಸಾಡುತ್ತಾರೆ. ಉಟ್ಟವಳಿಗೆ ಅದು ಕಾಣುವುದಿಲ್ಲ, ಕೊಂಡವನಿಗೆ ಅದು ಬೇಕಿಲ್ಲ, ನೇಯ್ದವನಿಗೂ ಅದರ ನೆನಪಿರುವುದಿಲ್ಲ. ಇದರಲ್ಲಿ ಅಂಥದ್ದೇನಿದೆ ಎಂದು ನನ್ನನ್ನು ಕೇಳಿದವರಿಗೆ ನಾನು ಸರಿಯಾದ ಉತ್ತರ ಕೊಟ್ಟಿದ್ದೇ ಇಲ್ಲ. ಈಗಲೂ ಇಷ್ಟೇ ಹೇಳಬಲ್ಲೆ. ಎರಡು ತುದಿ ಬೆರಳ ನಡುವೆ ಬಂದು, ಹೊಸೆದಾಗ ಒಂದು ಕ್ಷಣ ಬೇರೆಬೇರೆಯಾಗಿಯೇ ಇದ್ದು, ಆಮೇಲೆ ಒಮ್ಮೆಲೇ ಒಂದಾಗಿಬಿಡುತ್ತವೆ. ಅದು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ತಿಳಿಯುತ್ತದೆ. ಹಾಗೆ ತಿಳಿದಾಗಲೆಲ್ಲ ನನಗೆ ಸಂತೋಷವಾಗುತ್ತಿತ್ತು. ಸಾವಿರಾರು ಎಳೆ ಇದ್ದರೆ ಸಾವಿರಾರು ಸಲ ಸಂತೋಷ. ಇಷ್ಟು ಅಗ್ಗದ ಸಂತೋಷವನ್ನು ನನಗೆ ಬಿಟ್ಟುಕೊಡಲು ಊರಿಗೆ ಏನು ಕಷ್ಟವಿತ್ತೋ ದೇವರಿಗೇ ಗೊತ್ತು.

ಚಿಕ್ಕಂದಿನಲ್ಲಿ ಅವ್ವನ ಪಕ್ಕ ಚಾಪೆಯ ಮೇಲೆ ಕೂತು ಕೆಚ್ಚುತ್ತಿದ್ದೆ. ಅವ್ವನ ಮತ್ತು ನನ್ನ ನಡುವೆ ಬೂದಿ ಬಟ್ಟಲು. ಅವಳು ಬಲದಿಂದ, ನಾನು ಎಡದಿಂದ ಶುರುಮಾಡಿದರೆ ನಡುವಿನಲ್ಲಿ ಭೇಟಿ. ನಾನು ಕೆಚ್ಚಿದ ಎಳೆ ಮಗ್ಗದಲ್ಲಿ ಬಿಟ್ಟುಕೊಂಡದ್ದು ಅಪರೂಪ. ಅವ್ವ ಅದನ್ನು ಅಕ್ಕಪಕ್ಕದವರಿಗೆ ಹೇಳಿ ಹಿಗ್ಗುತ್ತಿದ್ದಳು. ಹುಡುಗನಾಗಿದ್ದಾಗ ಅದು ಹಿಗ್ಗುವ ಮಾತೇ ಆಗಿತ್ತು.

ಆಮೇಲೆ ಕುಣಿಗೆ ಇಳಿಸುವ ದಿನ ಬಂತು. ನಮ್ಮಲ್ಲಿ ಅದಕ್ಕೊಂದು ಶಾಸ್ತ್ರವಿತ್ತು. ಮಗ್ಗಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಹುಡುಗನ ಕೈಗೆ ಹೊಸ ಲಾಳಿ ಕೊಟ್ಟು ಅಪ್ಪನೇ ತೋಳು ಹಿಡಿದು ಕುಣಿಯ ಅಂಚಿನಲ್ಲಿ ಕೂರಿಸಬೇಕು. ಕೇರಿಯವರೆಲ್ಲ ಬಂದು ಬೆಲ್ಲ ತಿಂದರು. ನಾನು ಮಾತ್ರ ಅಳುತ್ತಿದ್ದೆ. ಕುಣಿಯ ಕತ್ತಲಿಗೆ ಹೆದರಿದ್ದಾನೆ ಎಂದು ಅಪ್ಪ ಬೆನ್ನು ಸವರಿದ. ನಾನು ಅಳುತ್ತಿದ್ದುದು ಕತ್ತಲಿಗಲ್ಲ. ಹಿಂದಿನ ದಿನವೇ ಅವ್ವ ಚಾಪೆಯ ಮೇಲೆ ನನ್ನ ಜಾಗದಲ್ಲಿ ತಂಗಿಯನ್ನು ಕೂರಿಸಿಕೊಂಡಿದ್ದಳು.

ಮುಂದಿನ ಹಾಸು ಬಂದಾಗ ನಾನು ಅಭ್ಯಾಸಬಲದಿಂದ ಹೋಗಿ ಬೂದಿ ಬಟ್ಟಲಿನ ಮುಂದೆ ಕೂತೆ. ಅಪ್ಪ ಮೊದಲು ನಕ್ಕ, ಆಮೇಲೆ ಸಿಟ್ಟಾದ.

"ಎದ್ದೇಳಲೇ. ಕುಣಿಗಿಳಿದೋನು ಮತ್ತೆ ಬಂದು ಹೆಂಗಸ್ರ ಸಾಲಾಗೆ ಕುಂತಿದ್ದ ಎಲ್ಲಾದ್ರೂ ನೋಡೀಯಾ?"

"ನಂಗೆ ಇದು ಚೆಂದಾಗಿ ಬರ್ತೈತಪ್ಪ," ಎಂದೆ.

"ಚೆಂದಾಗಿ ಬರಾದೆಲ್ಲಾ ಮಾಡಾಕಾಗ್ತೈತಾ? ನಿಮ್ಮವ್ವನಿಗೆ ರೊಟ್ಟಿ ಚೆಂದಾಗಿ ಬರ್ತೈತೆ, ನೀನೂ ತಟ್ತೀಯಾ?"

ತಟ್ಟುತ್ತೇನೆ ಎನ್ನುವ ಧೈರ್ಯ ಬರಲಿಲ್ಲ. ಎದ್ದು ಹೋಗಿ ಕುಣಿಯಲ್ಲಿ ಕೂತೆ.

ನೇಯ್ಗೆ ಕಲಿತೆ, ಕೆಟ್ಟದಾಗೇನೂ ನೇಯಲಿಲ್ಲ. ನನ್ನ ಸೀರೆಗೆ ಯಾರೂ ಹೆಸರಿಡುತ್ತಿರಲಿಲ್ಲ, ಯಾರೂ ಹೊಗಳುತ್ತಲೂ ಇರಲಿಲ್ಲ. ಆದರೆ ಲಾಳಿ ಎಸೆಯುವಾಗಲೆಲ್ಲ ನನ್ನ ಮನಸ್ಸು ಹಾಸು ಎಷ್ಟು ಉಳಿದಿದೆ ಎಂದು ಅಳೆಯುತ್ತಿತ್ತು. ಬೇಗ ಮುಗಿದರೆ ಹೊಸ ಹಾಸು ಬರುತ್ತದೆ, ಕೆಚ್ಚುವುದನ್ನು ದೂರದಿಂದಾದರೂ ನೋಡಬಹುದು. ಹೆಂಗಸರು ಕೆಚ್ಚುವಾಗ ಗಂಡಸರಿಗೆ ಬಿಡುವು. ಬೇರೆಯವರು ಆ ಹೊತ್ತಿನಲ್ಲಿ ಎಲೆ ಅಡಿಕೆ ಹಾಕಿಕೊಂಡು ಬೆಟ್ಟದ ಕಡೆಗೆ ಹೋಗುತ್ತಿದ್ದರು, ಬಂಡೆಯ ನೆರಳಲ್ಲಿ ಹುಲಿಕಟ್ಟೆ ಆಡುತ್ತಿದ್ದರು. ನಾನು ಕಂಬಕ್ಕೊರಗಿ ಅವ್ವನ ಬೆರಳನ್ನು ನೋಡುತ್ತಾ ಕೂರುತ್ತಿದ್ದೆ. ತಂಗಿ ಹೊಸೆಯುವುದು ಸಡಿಲವಾದರೆ ನನ್ನ ಬೆರಳು ತುರಿಸುತ್ತಿತ್ತು.

ನನ್ನ ಚಡಪಡಿಕೆ ನೋಡಿ ಅಪ್ಪನಿಗೆ ಚಿಂತೆಯಾಯಿತು. ಹುಡುಗನಿಗೆ ಏನಾದರೊಂದು ಹುಚ್ಚು ಹಿಡಿಸಬೇಕು, ಇಲ್ಲದಿದ್ದರೆ ಕೆಟ್ಟುಹೋಗುತ್ತಾನೆ ಎಂದುಕೊಂಡ. ನಮ್ಮ ಕೇರಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹುಚ್ಚು ಇತ್ತು, ಮತ್ತು ಅದಕ್ಕೆಲ್ಲ ಮರ್ಯಾದೆ ಇತ್ತು. ಒಬ್ಬನಿಗೆ ಭಜನೆ, ಒಬ್ಬನಿಗೆ ಗರಡಿಮನೆ, ನನ್ನ ದೊಡ್ಡಪ್ಪನಿಗೆ ಪಾರಿವಾಳ. ಪಾರಿವಾಳದ ಹಿಂದೆ ಓಡುತ್ತಾ ದೊಡ್ಡಪ್ಪ ಮಾಳಿಗೆಯಿಂದ ಬಿದ್ದಾಗಲೂ ಜನ ಹೊಗಳಿದರು. ನನ್ನನ್ನು ಭಜನೆಗೆ ಕಳಿಸಿದರು, ತಾಳ ತಪ್ಪಿದೆ. ಗರಡಿಗೆ ಕಳಿಸಿದರು, ಮಣ್ಣು ಮುಕ್ಕಿ ಬಂದೆ. ಬಯಲಾಟದಲ್ಲಿ ಬಾಗಿಲು ಕಾಯುವವನ ಪಾತ್ರ ಕೊಟ್ಟರು. ಒಂದೇ ಮಾತು ಆಡಬೇಕಿತ್ತು, ಅದನ್ನೂ ರಾಜ ಬರುವ ಮೊದಲೇ ಆಡಿಬಿಟ್ಟೆ. ಎಲ್ಲ ಕಡೆಯೂ ನಪಾಸಾಗಿ ಬಂದ ಮೇಲೆ, ಇವನಿಗೆ ಯಾವುದರಲ್ಲೂ ಆಸಕ್ತಿ ಇಲ್ಲ ಎಂದು ತೀರ್ಮಾನವಾಯಿತು. ನಾನೂ ಅದನ್ನೇ ನಂಬಿದೆ. ಕೆಚ್ಚುವುದರ ಮೇಲಿನ ಆಸೆ ಬರೀ ಅವ್ವನ ಪಕ್ಕ ಕೂರುವ ಆಸೆ, ಬೆಳೆದ ಮೇಲೂ ಸೆರಗು ಬಿಡದವನ ಹಟ ಎಂದುಕೊಂಡು ನನ್ನನ್ನೇ ಬೈದುಕೊಂಡೆ.

ಆ ಕಾಲದಲ್ಲಿ ಪ್ಲೇಗು ಬಂತು. ಕೇರಿಯಲ್ಲಿ ಇಲಿ ಬೀಳತೊಡಗಿದ ಮೇಲೆ ಜನ ಮನೆಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಮಗ್ಗಗಳು ಕುಣಿಯಲ್ಲೇ ಉಳಿದವು. ನನ್ನನ್ನು ಚಳ್ಳಕೆರೆಗೆ, ಸೋದರಮಾವನ ಹತ್ತಿರಕ್ಕೆ ಕಳಿಸಿದರು. ಮಾವ ಹಟ್ಟಿಗಳಿಂದ ಕಂಬಳಿ ಕೊಂಡು ಸಂತೆಯಲ್ಲಿ ಮಾರುತ್ತಿದ್ದ. ಗಾಡಿಯಲ್ಲಿ ಹೋಗುವಾಗ ದಾರಿಯುದ್ದಕ್ಕೂ ಜಾಲಿ, ಬಯಲು, ಕುರಿ. ಮಗ್ಗದ ಸದ್ದು ಕಿವಿಯಿಂದ ದೂರವಾದಂತೆ ನನಗೆ ಹಾಯೆನಿಸಿತು. ಇನ್ನು ಈ ವ್ಯಾಪಾರವನ್ನೇ ಕಲಿತು ಇಲ್ಲೇ ಇದ್ದುಬಿಡುತ್ತೇನೆ ಎಂದು ಲೆಕ್ಕ ಹಾಕಿದೆ.

ಸಂತೆಯ ಹಿಂದಿನ ದಿನ ಬೆಳಿಗ್ಗೆ ಮಾವ ನನ್ನನ್ನು ಊರಂಚಿನ ಒಂದು ಹಟ್ಟಿಗೆ ಕಂಬಳಿ ತರಲು ಕಳಿಸಿದ. ಅಲ್ಲಿ ಜಾಲಿ ಮರದ ಕೆಳಗೆ ಒಬ್ಬ ಮುದುಕ ಕರಿ ಉಣ್ಣೆಯ ಹಾಸನ್ನು ಉದ್ದಕ್ಕೆ ಎಳೆದು ಕಟ್ಟಿದ್ದ. ಹುಣಸೆ ಬೀಜದ ಗಂಜಿ ಬಳಿದು ಒಣಗಲು ಬಿಟ್ಟಿದ್ದು, ಗಾಳಿಗೆ ಬೇಗ ಒಣಗಿ ಅಲ್ಲಲ್ಲಿ ಎಳೆಗಳು ಪಟಪಟನೆ ಕಡಿಯುತ್ತಿದ್ದವು. ಮುದುಕ ಬಯ್ಯುತ್ತಾ ಒಂದೊಂದನ್ನೇ ಹಿಡಿದು ಸೇರಿಸುತ್ತಿದ್ದ.

"ಅಜ್ಜ, ನಾನೊಂದೆರಡು ಸೇರಿಸ್ಲಾ?" ಎಂದೆ.

"ಸೇರ್ಸಪ್ಪ, ಪುಣ್ಯ ಬರ್ತೈತೆ," ಎಂದು ಸರಿದು ಜಾಗ ಕೊಟ್ಟ.

ಉಣ್ಣೆಗೆ ಕೆಚ್ಚುವುದು ನಡೆಯುವುದಿಲ್ಲ, ಸಣ್ಣ ಗಂಟು ಹಾಕಿ ಉಗುರಿನಿಂದ ಒತ್ತಬೇಕು. ಮುದುಕ ಒಮ್ಮೆ ತೋರಿಸಿದ. ಒರಟು ಎಳೆ, ಕುರಿಯ ವಾಸನೆ, ಕೈಯೆಲ್ಲ ಅಂಟು. ರೇಷ್ಮೆಯ ನುಣುಪು ಇಲ್ಲ, ಬೂದಿ ಇಲ್ಲ, ಅವ್ವ ಇಲ್ಲ. ಆದರೂ ಎರಡು ತುದಿ ಬೆರಳ ನಡುವೆ ಒಂದಾದಾಗ ಅದೇ ಸಂತೋಷ. ಒಂದು ಸೇರಿಸಿದೆ, ಇನ್ನೊಂದು ಸೇರಿಸಿದೆ. ಮುದುಕ ನಡುವೆ ಎದ್ದು ಹೋಗಿ ಮುದ್ದೆ ಉಂಡು ಬಂದ, ಒಂದು ನಿದ್ದೆ ತೆಗೆದ. ನಾನು ಏಳಲಿಲ್ಲ. ತಲೆ ಎತ್ತಿ ನೋಡಿದಾಗ ಮರದ ನೆರಳು ನನ್ನನ್ನು ದಾಟಿ ಆಚೆ ಹೋಗಿತ್ತು, ಮಾವ ಟವಲು ಬೀಸುತ್ತಾ ಬಯಲಿನಲ್ಲಿ ಬರುತ್ತಿದ್ದ.

"ಕಂಬಳಿ ತರಾಕೆ ಕಳಿಸಿದ್ರೆ ಕೂಲಿಗೆ ಕುಂತೀಯಲ್ಲಲೇ! ಬಾವಿಗೀವಿಗೆ ಬಿದ್ದನೇನೋ ಅಂತ ಹುಡುಕ್ಕಂಡು ಬಂದೀನಿ."

ಮುದುಕ ನಕ್ಕು, "ಬೈಬ್ಯಾಡ್ರಿ ಸಾವ್ಕಾರ್ರೇ, ಈ ಹುಡುಗ ನಮ್ಮಟ್ಟಿಯಾಗೆ ಹುಟ್ಟಬೇಕಿತ್ತು," ಎಂದ.

ವಾಪಸು ಬರುವಾಗ ಮಾವ ದಾರಿಯುದ್ದಕ್ಕೂ ಬಯ್ದ. ನನಗೆ ಒಂದು ಮಾತೂ ಕೇಳಿಸಲಿಲ್ಲ. ನನಗೆ ಬೇಕಾದದ್ದು ಅವ್ವನ ಸೆರಗಲ್ಲ, ರೇಷ್ಮೆಯೂ ಅಲ್ಲ, ಎಳೆಗೆ ಎಳೆ ಸೇರಿಸುವುದು ಎಂದು ಅವತ್ತು ಖಚಿತವಾಯಿತು. ಹಾಗೆ ಗೊತ್ತಾದವರಿಗೆ ನೆಮ್ಮದಿ ಸಿಗುತ್ತದೆ ಎನ್ನುತ್ತಾರೆ. ನನಗೆ ಸಿಕ್ಕಿದ್ದು ಹೊಟ್ಟೆಯುರಿ. ಗೊತ್ತಾಗದಿದ್ದರೆ ಸೋಮಾರಿ ಎಂದುಕೊಂಡು ಹೇಗೋ ಬದುಕಿಬಿಡುತ್ತಿದ್ದೆ. ಈಗ ಗೊತ್ತಾಗಿದೆ, ಇಟ್ಟುಕೊಳ್ಳಲು ಜಾಗವಿಲ್ಲ. ಭಜನೆಗೆ ಗುಡಿ ಇದೆ, ಕುಸ್ತಿಗೆ ಅಖಾಡ ಇದೆ, ಗಂಡಸು ಕೂತು ಕೆಚ್ಚುವುದಕ್ಕೆ ಒಂದು ಚಾಪೆಯಿಲ್ಲ.

ಪ್ಲೇಗು ಇಳಿದ ಮೇಲೆ ಮೊಳಕಾಲ್ಮೂರಿಗೆ ಮರಳಿದೆ. ಮರುವರ್ಷ ನನಗೆ ಮದುವೆಯಾಯಿತು. ಹೆಂಡತಿ ನೇಕಾರರ ಮನೆಯವಳೇ, ಅವಳ ಕೈ ಚುರುಕು. ಅವ್ವ ತೀರಿಕೊಂಡು ತಂಗಿ ಗಂಡನ ಮನೆಗೆ ಹೋದ ಮೇಲೆ ನಮ್ಮ ಮಗ್ಗಕ್ಕೆ ಕೆಚ್ಚುವವಳು ಅವಳೊಬ್ಬಳೇ. ಒಂದು ದಿನ ಧೈರ್ಯ ಮಾಡಿ, ಈ ಸಲ ನಾನು ಕೆಚ್ಚುತ್ತೇನೆ, ನೀನು ಸುಮ್ಮನೆ ಕೂತಿರು ಎಂದೆ. ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖ ಕಪ್ಪಿಟ್ಟಿತು.

"ನನ್ನ ಕೈಯಾಗೆ ಏನು ತಪ್ಪಾತು ಹೇಳ್ರಿ."

"ತಪ್ಪೇನಿಲ್ಲ. ನಂಗೆ ಆಸೆ."

"ಆಸೆ ಅಂದ್ರೆ ಯಾರು ನಂಬ್ತಾರ್ರಿ? ಹೆಂಡ್ತಿ ಕೈ ಸರಿಯಿಲ್ಲ, ಅದ್ಕೆ ಗಂಡನೇ ಕುಂತ ಅಂತಾರೆ."

ಬಾಗಿಲು ಹಾಕಿಕೊಂಡರೆ ಯಾರಿಗೆ ಗೊತ್ತಾಗುತ್ತದೆ ಎಂದು ಹಟ ಹಿಡಿದು ಗೆದ್ದೆ. ಆ ಮಧ್ಯಾಹ್ನ ಬಾಗಿಲು ಹಾಕಿ, ಎಷ್ಟೋ ವರ್ಷದ ಮೇಲೆ ಬೂದಿಗೆ ಬೆರಳು ಅದ್ದಿದೆ. ಅರ್ಧ ಹಾಸು ಮುಗಿದಿರಬೇಕು. ಎದುರುಮನೆಯ ಮುದುಕಿ ಒಲೆಗೆ ಕೆಂಡ ಕೇಳಲು ಹಿತ್ತಿಲ ಕಡೆಯಿಂದ ಬಂದು ನಡುಮನೆಗೆ ಕಾಲಿಟ್ಟಳು. ನನ್ನನ್ನು ನೋಡಿದಳು, ಗೋಡೆಗೊರಗಿ ಸುಮ್ಮನೆ ಕೂತಿದ್ದ ನನ್ನ ಹೆಂಡತಿಯನ್ನು ನೋಡಿದಳು, ಕೆಂಡವನ್ನೂ ಕೇಳದೆ ಹಿಂದಕ್ಕೆ ಹೋದಳು. ಸಂಜೆಯೊಳಗೆ ಕೇರಿಗೆಲ್ಲ ಸುದ್ದಿ ಮುಟ್ಟಿತು.

ನಮ್ಮಲ್ಲಿ ಹೆಂಗಸರು ಒಬ್ಬರ ಮನೆಗೊಬ್ಬರು ಕೆಚ್ಚಲು ಹೋಗುವ ಮುಯ್ಯಿ ಇತ್ತು. ಅವತ್ತಿನಿಂದ ನನ್ನ ಹೆಂಡತಿಯನ್ನು ಯಾರೂ ಕರೆಯಲಿಲ್ಲ. ಅವಳು ಹೊಸೆದ ಎಳೆ ಒಂದೂ ಬಿಟ್ಟುಕೊಂಡಿರಲಿಲ್ಲ, ಆದರೂ ಅವಳ ಕೈಗೆ ಕೆಟ್ಟ ಹೆಸರು ಬಂತು. ಅವಳು ಅಡುಗೆಮನೆಯಲ್ಲಿ ಕೂತು ಅತ್ತಳು. ನನಗೆ ಅವಳ ಮೇಲೆ ಕನಿಕರ ಬಂತು, ಕೇರಿಯ ಮೇಲೆ ಕೆಂಡದಂಥ ಕೋಪ ಬಂತು. ಬೀದಿಯಲ್ಲಿ ನಿಂತು ಕೂಗಿ ಹೇಳಬೇಕೆನಿಸಿತು. ಏನೆಂದು ಕೂಗುವುದು? ನನಗೆ ಕೆಚ್ಚುವುದು ಇಷ್ಟ ಎಂದೇ? ಮಕ್ಕಳು ಹಿಂದೆ ಬಿದ್ದು ಕಲ್ಲು ಹೊಡೆಯುತ್ತಿದ್ದರು. ಬಾಯಿ ಮುಚ್ಚಿಕೊಂಡು ಕುಣಿಯಲ್ಲಿ ಕೂತೆ. ಅವಳನ್ನು ಮತ್ತೆ ಮುಯ್ಯಿಗೆ ಕರೆಯಲು ಎರಡು ದೀಪಾವಳಿ ಕಳೆಯಬೇಕಾಯಿತು. ಆ ಮಾತನ್ನು ನಾನು ಮತ್ತೆ ಎತ್ತಲಿಲ್ಲ.

ಹೀಗೇ ವರ್ಷಗಳು ಹೋದವು. ಅಪ್ಪನೂ ಹೋದ. ಒಂದು ಮಳೆಗಾಲದಲ್ಲಿ ನನ್ನ ಎಡಮೊಣಕಾಲು ಬೂದುಗುಂಬಳದಷ್ಟು ಊದಿಕೊಂಡಿತು. ಕುಣಿಯಲ್ಲಿ ಮೆಟ್ಟು ತುಳಿಯುವುದಿರಲಿ, ಹೊಸಿಲು ದಾಟಲಾಗಲಿಲ್ಲ. ಬೇರೆಯವರ ಮನೆಯಲ್ಲಿ ನೇಯುತ್ತಿದ್ದ ನನ್ನ ತಮ್ಮ ಬಂದು ನಮ್ಮ ಮಗ್ಗದಲ್ಲಿ ಕೂತ. ಅವನಿಗೆ ನೇಯ್ಗೆ ಎಂದರೆ ಪ್ರಾಣ, ಕುಣಿಯಿಂದ ಎಬ್ಬಿಸಿ ಊಟಕ್ಕೆ ಕರೆಯುವುದೇ ಕಷ್ಟ. ಅಪ್ಪನ ಮಗ್ಗ ಅವನಿಗೆ ಸಿಕ್ಕಿದ್ದು ನನ್ನ ಕಾಲು ಕೆಟ್ಟ ಮೇಲೆ. ಹಿರಿಯ ಮಗನೇ ಕೂರಬೇಕೆಂಬ ಪದ್ಧತಿಯನ್ನು ಯಾರು ಮಾಡಿದರೋ, ಅವರಿಗೆ ನನ್ನ ಸಹಸ್ರ ನಮಸ್ಕಾರ.

ಮೊದಲ ಹಾಸು ಮುಗಿದಾಗ ಹೆಂಡತಿ ತಾನೇ ಚಾಪೆ ಹಾಸಿ, ಬೂದಿ ಸೋಸಿ ತಂದು ನನ್ನ ಮುಂದಿಟ್ಟಳು.

"ಸುಮ್ಕೆ ಕುಂತು ಬ್ಯಾಸರಾಗ್ತೈತೆ. ಕೆಚ್ಚಿರಿ."

ಈಗ ಯಾರ ಮರ್ಯಾದೆಯೂ ಹೋಗುತ್ತಿರಲಿಲ್ಲ. ಕಾಲಿಲ್ಲದವನು ಇನ್ನೇನು ಮಾಡುತ್ತಾನೆ? ಕೇರಿಯವರು ಸರದಿಯ ಮೇಲೆ ಬಂದು ಮರುಗಿದರು. ಎದುರುಮನೆಯ ಮುದುಕಿ, "ಅಯ್ಯೋ ಪಾಪಂ, ಎಂಥಾ ಮನಿಷಿಗೆ ಎಂಥಾ ಗತಿ ಬಂತು!" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೆಳೆದ ಮೇಲೆ ಮೊದಲ ಸಲ ನಾನು ಎಲ್ಲರೆದುರು ನನ್ನ ಜಾಗದಲ್ಲಿ ಕೂತಿದ್ದೆ, ಊರೆಲ್ಲ ಬಂದು ಸಾವಿನ ಮನೆಗೆ ಬಂದಂತೆ ಮಾತಾಡಿಸುತ್ತಿತ್ತು. ಸಂತೋಷ ತೋರಿಸಿದರೆ ಕಾಲಿನ ಜೊತೆಗೆ ತಲೆಯೂ ಕೆಟ್ಟಿದೆ ಎನ್ನುತ್ತಾರೆ. ಅದಕ್ಕೆ ಯಾರಾದರೂ ಬಂದ ಸದ್ದಾದರೆ ಒಂದು ನಿಟ್ಟುಸಿರು ಬಿಟ್ಟು, ಮುಖ ಇಳಿಸಿಕೊಂಡು ಕೆಚ್ಚುತ್ತಿದ್ದೆ. ಅವರು ಹೋದ ಮೇಲೆ ಮೈಯೆಲ್ಲ ಉರಿಯುತ್ತಿತ್ತು. ನಾನು ಹುಡುಗನಾಗಿದ್ದಾಗಿನಿಂದ ಕೇಳಿದ್ದನ್ನು ಕೊನೆಗೆ ಭಿಕ್ಷೆಯ ಹಾಗೆ ನನ್ನ ಮುಂದೆ ಇಟ್ಟಿದ್ದರು.

ಅದಕ್ಕಿಂತ ದೊಡ್ಡ ಪೀಡೆ ಆಮೇಲೆ ಬಂತು. ಕಾಲು ವಾಸಿಯಾಗತೊಡಗಿತು.

ಹೆಂಡತಿ ದಿನವೂ ಹರಳೆಣ್ಣೆ ಸವರಿ ಎಕ್ಕದೆಲೆ ಬಿಸಿಮಾಡಿ ಕಟ್ಟುತ್ತಿದ್ದಳು. ಬೇಡ ಎನ್ನಲು ಕಾರಣವಿರಲಿಲ್ಲ. ಊತ ಇಳಿಯಿತು, ನೋವು ಹೋಯಿತು, ಕಾಲು ಮೊದಲಿನ ಹಾಗೆ ಮಡಚತೊಡಗಿತು. ಯಾರಿಗಾದರೂ ಗೊತ್ತಾದರೆ ಮರುದಿನವೇ ಮತ್ತೆ ಕುಣಿ. ತಮ್ಮ ಪರರ ಮನೆಗೆ, ನಾನು ಅಪ್ಪನ ಜಾಗಕ್ಕೆ. ನಾನು ಕುಂಟುವುದನ್ನು ಬಿಡಲಿಲ್ಲ. ಗೋಡೆ ಹಿಡಿದು ಏಳುತ್ತಿದ್ದೆ, ಹೊಸಿಲ ಹತ್ತಿರ ಒಮ್ಮೆ ನರಳುತ್ತಿದ್ದೆ. ಬಯಲಾಟದಲ್ಲಿ ಒಂದು ಮಾತು ಸರಿಯಾಗಿ ಆಡಲಾಗದವನು ವರ್ಷಗಟ್ಟಲೆ ಹಗಲು ವೇಷ ಹಾಕಿದೆ. ಒಬ್ಬ ಮನುಷ್ಯ ತನಗೆ ಬರುವ ಕೆಲಸವನ್ನು ತನ್ನ ಮನೆಯಲ್ಲಿ ಮಾಡಿಕೊಂಡಿರಲು ಕುಂಟನಾಗಬೇಕು ಎಂದರೆ ಅದೆಂಥ ಊರು ಎಂದು ದಿನವೂ ಒಳಗೊಳಗೇ ಬಯ್ಯುತ್ತಿದ್ದೆ, ದಿನವೂ ಕುಂಟುತ್ತಿದ್ದೆ.

ಒಂದು ಮಧ್ಯಾಹ್ನ ನಮ್ಮ ಬೀದಿಯಲ್ಲಿ ಹೊಸ ಹಾಸೊಂದನ್ನು ಉದ್ದಕ್ಕೆ ಎಳೆದು ಕಟ್ಟಿದ್ದರು. ಕಾವಲಿದ್ದವರು ಊಟಕ್ಕೆ ಹೋಗಿದ್ದರು. ನಾನು ಜಗಲಿಯ ಮೇಲೆ ಕಾಲು ಚಾಚಿಕೊಂಡು ಕೂತಿದ್ದೆ. ಎಲ್ಲಿಂದಲೋ ಹಗ್ಗ ಕಿತ್ತುಕೊಂಡ ಒಂದು ಕರು ಬಾಲ ಎತ್ತಿ ನೇರ ರೇಷ್ಮೆಯ ಕಡೆಗೆ ನುಗ್ಗಿ ಬಂತು. ಅದರ ಕಾಲಿಗೆ ಸಿಕ್ಕಿದ್ದರೆ ಒಂದೆಳೆಯೂ ಉಳಿಯುತ್ತಿರಲಿಲ್ಲ. ಜಗಲಿಯಿಂದ ಹಾರಿದೆ, ಓಡಿದೆ, ಹಗ್ಗ ಹಿಡಿದು ಕರುವನ್ನು ಬೀದಿಯ ತುದಿಯವರೆಗೆ ಎಳೆದುಕೊಂಡು ಹೋಗಿ ಕಟ್ಟಿದೆ. ದಾಪುಗಾಲು ಹಾಕುತ್ತಾ ಹಿಂದಕ್ಕೆ ಬಂದೆ. ಬಂದು ತಲೆ ಎತ್ತಿದರೆ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು.

ಅವಳು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದಳು. ತಿರುಗಿ ಒಳಗೆ ಹೋದಳು. ಆ ರಾತ್ರಿ ಎಣ್ಣೆ ಸವರಲಿಲ್ಲ, ಎಕ್ಕದೆಲೆ ಕಟ್ಟಲಿಲ್ಲ. ಮುಗಿಯಿತು ನನ್ನ ಕಥೆ ಎಂದುಕೊಂಡೆ. ಎಷ್ಟು ಕಾಲ ಮೋಸ ಮಾಡಿದಿರಿ ಎಂದು ಕೇಳುತ್ತಾಳೆ, ನಾಳೆ ತಮ್ಮನಿಗೆ ಹೇಳುತ್ತಾಳೆ, ಮತ್ತೆ ಕಾಯಿ ಒಡೆದು ನನ್ನನ್ನು ಕುಣಿಗಿಳಿಸುತ್ತಾರೆ.

ಬೆಳಿಗ್ಗೆ ಎದುರುಮನೆಯ ಮುದುಕಿ ಎಂದಿನಂತೆ ಕೆಂಡಕ್ಕೆ ಬಂದಳು. ತಮ್ಮ ಕುಣಿಯಲ್ಲಿ ಕೂತು ಹಳೆಯ ಹಾಸಿನ ಕೊನೆಯ ಸೀರೆ ಮುಗಿಸುತ್ತಿದ್ದ. ನಾನು ಕಂಬದ ಹತ್ತಿರ ಕೂತಿದ್ದೆ.

"ಮೊಣಕಾಲು ಹೆಂಗೈತಪ್ಪ? ಊತ ಇಳಿದಂಗೆ ಕಾಣ್ತೈತೆ. ವಾಸಿಯಾತೇನು?" ಎಂದಳು.

ತಮ್ಮನ ಲಾಳಿ ನಿಂತಿತು. ಅಡುಗೆಮನೆಯಿಂದ ಹೆಂಡತಿಯ ದನಿ ಬಂತು.

"ಎಲ್ಲಿ ವಾಸಿಯಾಗ್ತೈತೆ ಬುಡಮ್ಮ. ಊತ ಇಳಿದ್ರೇನು, ಒಳಗಿನ ನರ ಹೋಗೈತೆ. ಇನ್ನು ಈ ಜನ್ಮಕ್ಕೆ ಕುಣಿಗೆ ಇಳಿಯಂಗಿಲ್ಲ ಅವ್ರು."

"ಅಯ್ಯೋ ಪಾಪಂ," ಎಂದಳು ಮುದುಕಿ.

ಕುಣಿಯಲ್ಲಿ ಲಾಳಿ ಮತ್ತೆ ಓಡತೊಡಗಿತು. ಹೆಂಡತಿ ಈಚೆ ಬಂದು ಚಾಪೆ ಹಾಸಿ, ಹೊಸದಾಗಿ ಸೋಸಿದ ಬೂದಿಯ ಬಟ್ಟಲನ್ನು ಅದರ ಮೇಲಿಟ್ಟಳು. ಮುದುಕಿ ನೋಡುತ್ತಿದ್ದಳು. ನಾನು ಗೋಡೆ ಹಿಡಿದು, ನರಳಿ, ಎಡಗಾಲು ಎಳೆಯುತ್ತಾ ಹೋಗಿ ಅದರ ಮುಂದೆ ಕೂತೆ.